ಪರಿಷೆಯಲ್ಲಿ ಅಮ್ಮನನ್ನು ಕೂರಿಸಿ ಗಾಳಿ ಬೀಸಿದ ತಮ್ಮನಿಗೆ

ಕಾರ್ತಿಕ ಮಾಸದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ದರ್ಶನ ಮುಗಿಸಿ ಬುಲ್ ಟೆಂಪಲ್ ರಸ್ತೆಗೆ ಇಳಿದಾಗ, ಆ ನೂಕುನುಗ್ಗಲಿನಲ್ಲಿ ಅಮ್ಮನಿಗೆ ತಲೆ ಸುತ್ತು ಬಂತು. ರಸ್ತೆ ಬದಿಯಲ್ಲಿ ಕಡಲೆಕಾಯಿ ಮಾರುತ್ತಿದ್ದ ನೀವು, ಅಳೆಯುತ್ತಿದ್ದ ಸೇರನ್ನು ಹಾಗೇ ಬಿಟ್ಟು ಎದ್ದು ಬಂದಿರಿ. ಕಡಲೆಕಾಯಿ ಮೂಟೆಯ ಮೇಲೆ ಅವರನ್ನು ಕೂರಿಸಿ, ರಟ್ಟಿನಲ್ಲಿ ಗಾಳಿ ಬೀಸಿದಿರಿ.

ಸುಧಾರಿಸಿಕೊಂಡ ಅಮ್ಮನ ಮೊದಲ ಮಾತೇ, "ಊಟ ಆಯ್ತೇನಪ್ಪಾ?"

ಅವರು ಹಾಗೇ. ಸಿಲಿಂಡರ್ ತಂದವರಿಗೂ ಮಜ್ಜಿಗೆ ಕೊಡದೆ ಕಳಿಸಿದವರಲ್ಲ. ಬೀದಿಯ ಸೊಸೆಯಂದಿರೆಲ್ಲ ಅತ್ತೆ ಮೇಲಿನ ದೂರು ಹೇಳಿಕೊಳ್ಳೋಕೆ ಬರುತ್ತಿದ್ದದ್ದು ನಮ್ಮ ಅಡುಗೆಮನೆಗೇ. (ಅತ್ತೆಯರೂ ಬರುತ್ತಿದ್ದರು, ಬೇರೆ ಹೊತ್ತಿನಲ್ಲಿ!)

ಯುಗಾದಿಗೆ ಮುಂಚೆ ಅಮ್ಮ ತೀರಿಕೊಂಡರು. "ಆ ಹುಡುಗ ಕಡಲೆಕಾಯಿಗೆ ದುಡ್ಡೇ ತಗೊಳ್ಳಲಿಲ್ಲ ನೋಡು" ಅಂತ ಆಗಾಗ ಹೇಳುತ್ತಲೇ ಇದ್ದರು. ತುಂಬಾ ಥ್ಯಾಂಕ್ಸ್ ತಮ್ಮಾ. ಈ ಸಲ ಪರಿಷೆಗೆ ಬಂದರೆ ಮಧ್ಯಾಹ್ನದ ಊಟ ನಮ್ಮ ಮನೆಯದು.