ಕಾರು ಹೋಯಿತು, ಹೆಸರು ಉಳಿಯಿತು

ಸಂಪಾದಕರಿಗೆ ನಮಸ್ಕಾರ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ 31 ವರ್ಷ ಕೂತು ನಿವೃತ್ತನಾದವನು. ದುಡ್ಡು ತೆಗೆಯಲು ಬಂದವರು ಖಾಲಿ ಫಾರಂಗೆ ಸಹಿ ಹಾಕಿ ಚಾಚಿದರೆ "ಮೊದಲು ಮೊತ್ತ ಬರೀರಿ, ಆಮೇಲೆ ಸಹಿ" ಎಂದು ಗದರಿ ವಾಪಸ್ ಕೊಡುತ್ತಿದ್ದೆ. ಅದಕ್ಕೆ ಎಷ್ಟು ಜನರ ಹತ್ತಿರ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ ಕಳೆದ ವರ್ಷ ಒಂದು ಕಾರ್ ಶೋರೂಂನಲ್ಲಿ ಕೂತು, ಕಾರನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಫಾರಂ 29ಕ್ಕೂ ಫಾರಂ 30ಕ್ಕೂ, ಕೊಳ್ಳುವವರ ಹೆಸರೇ ಇಲ್ಲದೆ, ಸಹಿ ಹಾಕಿ ಕೊಟ್ಟು ಬಂದೆ. ನನ್ನ ಹಾಗೆ ಹಳೆ ಕಾರು ಕೊಟ್ಟು ಹೊಸದು ತಗೊಳ್ಳುವವರು ನಿಮ್ಮ ಓದುಗರಲ್ಲಿ ಬಹಳ ಜನ ಇರುತ್ತಾರೆ. ಅದಕ್ಕೇ ಈ ಪತ್ರ.

ನಮ್ಮ ಹಳೆ ಕಾರಿಗೆ ಒಂಬತ್ತು ವರ್ಷ. ಆರು ವರ್ಷಗಳಿಂದ ಒಂದೂ ಕ್ಲೇಮ್ ಮಾಡಿರಲಿಲ್ಲ. ಗೇಟಿಗೆ ಉಜ್ಜಿದ್ದು, ಹಸು ಒರಗಿ ಕನ್ನಡಿ ಮುರಿದದ್ದು ಎಲ್ಲ ಕೈಯಿಂದಲೇ ಮಾಡಿಸಿದ್ದೆ. ಮಗಳು, ಅಳಿಯ ಸೇರಿ "ಸಾಕಪ್ಪಾ, ಬದಲಾಯಿಸಿ" ಎಂದರು. ಶೋರೂಂನವರೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ತಗೊಳ್ಳುತ್ತಾರೆ ಎಂದಮೇಲೆ ನನಗೂ ಹಗುರವಾಯಿತು. ಓಎಲ್‌ಎಕ್ಸ್‌ನಲ್ಲಿ ಹಾಕಿ ಯಾರ್‍ಯಾರಿಗೋ ಕಾರು ತೋರಿಸುವ ತಾಪತ್ರಯ ಇಲ್ಲ, ಅಲ್ವಾ?

ಮೊದಲು ಟ್ಯಾಕ್ಸಿನ ವಿಷಯ. ಹಳೆ ಕಾರಿಗೆ 15 ವರ್ಷದ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿದ್ದೆ. ಒಂಬತ್ತು ಕಳೆದರೆ ಆರು ಉಳಿಯಿತಲ್ಲ, ಅದರಲ್ಲಿ ಅಷ್ಟೋ ಇಷ್ಟೋ ವಾಪಸ್ ಬರುತ್ತದೆ, ಇಲ್ಲವೇ ಹೊಸ ಕಾರಿನ ಟ್ಯಾಕ್ಸಿಗೆ ವಜಾ ಆಗುತ್ತದೆ ಎಂದು ನಾನು ಮನಸ್ಸಿನಲ್ಲೇ ಗುಣಾಕಾರ ಮಾಡಿಕೊಂಡಿದ್ದೆ. ಸೇಲ್ಸ್ ಹುಡುಗ ನಕ್ಕ. ಟ್ಯಾಕ್ಸ್ ಕಟ್ಟಿದ್ದು ಗಾಡಿಗೆ. ಗಾಡಿ ಯಾರ ಮನೆಗೆ ಹೋದರೂ ಅದು ಅಲ್ಲಿಗೇ ಹೋಗುತ್ತದೆ. ಗಾಡಿಯನ್ನು ಗುಜರಿಗೆ ಹಾಕಿದರೆ ಅಥವಾ ಬೇರೆ ರಾಜ್ಯಕ್ಕೆ ಕೊಂಡೊಯ್ದರೆ ಮಾತ್ರ ಉಳಿದ ವರ್ಷಗಳ ಲೆಕ್ಕದಲ್ಲಿ ವಾಪಸ್ ಕೇಳಬಹುದು. ರಾಜ್ಯದೊಳಗೇ ಮಾರಿದರೆ ಆ ಆರು ವರ್ಷದ ಲಾಭ ಕೊಂಡವರದು. ಹಳೆ ಕಾರಿನ ರೇಟು ಮಾತಾಡುವಾಗ ಅದನ್ನೂ ಬಾಯಿಬಿಟ್ಟು ಹೇಳಬೇಕು. ನಾನು ಹೇಳಲಿಲ್ಲ.

ಹೊಸ ಕಾರಿನ ಟ್ಯಾಕ್ಸ್ ನೋಡಿ ಮಾತ್ರ ಎದೆ ಝಲ್ಲೆಂದಿತು. ನಮ್ಮ ಕರ್ನಾಟಕದಲ್ಲಿ ಪೆಟ್ರೋಲ್ ಕಾರಿಗೆ 5 ಲಕ್ಷದಿಂದ 10 ಲಕ್ಷದವರೆಗೆ 14%, ಹತ್ತು ದಾಟಿದರೆ ಇಪ್ಪತ್ತು ಲಕ್ಷದವರೆಗೆ 17%. ಆ ಟ್ಯಾಕ್ಸಿನ ಮೇಲೆ ಮತ್ತೆ 11% ಸೆಸ್. ಇದರಲ್ಲಿ ಒಂದು ಗಮ್ಮತ್ತಿದೆ. ಆದಾಯ ತೆರಿಗೆಯಲ್ಲಾದರೆ ಮಿತಿ ದಾಟಿದ ಹಣಕ್ಕೆ ಮಾತ್ರ ಹೆಚ್ಚಿನ ದರ. ಇಲ್ಲಿ ಹಾಗಲ್ಲ, ಹತ್ತು ಲಕ್ಷದ ಗೆರೆ ದಾಟಿದರೆ ಪೂರ್ತಿ ಬೆಲೆಗೇ 17%. ಮೊಮ್ಮಗನಿಗೆ ಸನ್‌ರೂಫ್ ಬೇಕಿತ್ತು. ಸನ್‌ರೂಫ್ ಇಲ್ಲದ್ದು 9.80 ಲಕ್ಷ, ಇರುವುದು 10.20 ಲಕ್ಷ. ನಲವತ್ತು ಸಾವಿರ ತಾನೇ ಎಂದುಕೊಂಡೆ. ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಮೊದಲನೆಯದಕ್ಕೆ ಸೆಸ್ ಸೇರಿ ಟ್ಯಾಕ್ಸ್ 1,52,292 ರೂಪಾಯಿ. ಎರಡನೆಯದಕ್ಕೆ 1,92,474. ಅಂದರೆ ಸನ್‌ರೂಫಿಗೆ ನಲವತ್ತು ಸಾವಿರ, ಸನ್‌ರೂಫಿನ ಟ್ಯಾಕ್ಸಿಗೆ ಇನ್ನೊಂದು ನಲವತ್ತು ಸಾವಿರ! ಹುಡುಗ ತಿಂಗಳಿಗೆ ಇಷ್ಟೇ ಇಎಂಐ ಜಾಸ್ತಿ ಆಗುತ್ತೆ ಸಾರ್ ಅಂದ. ಆಕಾಶ ನೋಡಬೇಕಾದರೆ ಗಾಡಿ ನಿಲ್ಲಿಸಿ ಇಳಿದು ನೋಡೋಣ ಎಂದು ಮೊಮ್ಮಗನಿಗೆ ಹೇಳಿದೆ. ಅವನಿನ್ನೂ ನನ್ನ ಮೇಲೆ ಮುನಿಸು ಬಿಟ್ಟಿಲ್ಲ.

ಇನ್ನು ಇನ್ಶೂರೆನ್ಸ್. ಆನ್ ರೋಡ್ ಬೆಲೆಯ ಚೀಟಿಯಲ್ಲಿ ಅದು ಒಂದೇ ಸಾಲು, ಒಂದೇ ಮೊತ್ತ. ಬಿಡಿಸಿ ತೋರಿಸಿ ಎಂದೆ. ಹುಡುಗ ಒಳಗೆ ಹೋಗಿ ಮೂರು ಹಾಳೆ ತಂದ. ಹೊಸ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸನ್ನು, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು, ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2018ರ ಸೆಪ್ಟೆಂಬರಿನಿಂದ ಬಂದ ನಿಯಮ ಅದು. ನಮ್ಮದು 1,200 ಸಿಸಿ, ಅದಕ್ಕೆ 10,640 ರೂಪಾಯಿ. ಈ ದರ ಸರ್ಕಾರವೇ ಗೊತ್ತುಮಾಡಿದ್ದು, ಚೌಕಾಸಿಗೆ ಜಾಗ ಇಲ್ಲ. ಉಳಿದದ್ದು ನಮ್ಮ ಕಾರಿಗೇ ಆಗುವ ಡ್ಯಾಮೇಜಿಗೆ, ಒಂದು ವರ್ಷಕ್ಕೆ, 22,000. ಅದರ ಮೇಲೆ ಬಂಪರ್ ಟು ಬಂಪರ್, ಅದೂ ಇದೂ. ಮಾಲೀಕನ 15 ಲಕ್ಷದ ಅಪಘಾತ ವಿಮೆಯನ್ನೂ ಸೇರಿಸಿದ್ದರು. ನನ್ನ ಸ್ಕೂಟರಿನ ಪಾಲಿಸಿಯಲ್ಲಿ ಅದು ಆಗಲೇ ಇದೆ, ಒಬ್ಬ ಮನುಷ್ಯನಿಗೆ ಒಂದಿದ್ದರೆ ಸಾಕು. ತೆಗೆಸಿದೆ.

ನೋ ಕ್ಲೇಮ್ ಬೋನಸ್ ಬಗ್ಗೆ ಅಲ್ಲಿ ಯಾರೂ ಉಸಿರೆತ್ತಲಿಲ್ಲ. ರಾತ್ರಿ ಮನೆಯಲ್ಲಿ ಹಳೆ ಪಾಲಿಸಿ ತೆಗೆದು ಓದುವಾಗ ಕಣ್ಣಿಗೆ ಬಿತ್ತು. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಪ್ರೀಮಿಯಂನಲ್ಲಿ 20% ರಿಯಾಯಿತಿ, ಆಮೇಲೆ 25, 35, 45, ಐದು ವರ್ಷಕ್ಕೆ 50%. ಇದು ನಾನು ಹುಷಾರಾಗಿ ಗಾಡಿ ಓಡಿಸಿದ್ದಕ್ಕೆ ನನಗೆ ಸಿಕ್ಕಿದ್ದು. ಟ್ಯಾಕ್ಸಿನ ಹಾಗೆ ಗಾಡಿಗೆ ಅಂಟಿಕೊಂಡಿದ್ದಲ್ಲ. ಹಳೆ ಕಾರು ಮಾರಿದ ದಾಖಲೆ ತೋರಿಸಿದರೆ ವಿಮಾ ಕಂಪನಿ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದನ್ನು ಮೂರು ವರ್ಷದೊಳಗೆ ಹೊಸ ಕಾರಿನ ಇನ್ಶೂರೆನ್ಸಿಗೆ ಬಳಸಿಕೊಳ್ಳಬಹುದು. ಕಂಪನಿ ಬೇರೆಯಾದರೂ ನಡೆಯುತ್ತದೆ. ಡ್ಯಾಮೇಜ್ ಭಾಗಕ್ಕೆ ಮಾತ್ರ ಅನ್ವಯ, ಥರ್ಡ್ ಪಾರ್ಟಿಗೆ ಇಲ್ಲ.

ಬೆಳಿಗ್ಗೆಯೇ ಶೋರೂಂಗೆ ಹೋದೆ. ಹಳೆ ಕಾರನ್ನು ನಿಮಗೆ ಕೊಟ್ಟಿದ್ದಕ್ಕೆ ಒಂದು ಡೆಲಿವರಿ ನೋಟ್ ಕೊಡಿ, ಫಾರಂ 29ರ ಒಂದು ಪ್ರತಿಯಲ್ಲಿ ನಿಮ್ಮ ಹೆಸರು ತುಂಬಿ ಕೊಡಿ ಎಂದೆ. ಎರಡು ದಿನ ಓಡಾಡಿಸಿದರು, ಕೊಟ್ಟರು. ವಿಮಾ ಕಂಪನಿಯವರು ಸರ್ಟಿಫಿಕೇಟ್ ಕಳಿಸಿದರು. 22,000ದಲ್ಲಿ ಅರ್ಧ ಇಳಿಯಿತು, ಅದರ ಮೇಲಿನ 18% ಜಿಎಸ್‌ಟಿಯೂ ಇಳಿಯಿತು. ಒಟ್ಟು 12,980 ರೂಪಾಯಿ ಉಳಿತಾಯ. ನನ್ನ ಒಂದು ಕಾಲದ ತಿಂಗಳ ಸಂಬಳಕ್ಕಿಂತ ಜಾಸ್ತಿ. ಮೊದಲೇ ಯಾಕೆ ಹೇಳಲಿಲ್ಲಪ್ಪಾ ಎಂದು ಹುಡುಗನನ್ನು ಕೇಳಿದೆ. "ನೀವು ಕೇಳಲಿಲ್ವಲ್ಲ ಸಾರ್" ಅಂದ. ಅವನ ತಪ್ಪೂ ಅಲ್ಲ ಬಿಡಿ, ಹಾಗೆ ಕಲಿಸಿರುತ್ತಾರೆ.

ನಾನು ಗೆದ್ದೆ ಎಂದು ಬೀಗಿದೆ. ಮನೆಯಲ್ಲಿ, ಸಂಜೆ ವಾಕಿಂಗ್ ಗೆಳೆಯರ ಮುಂದೆ, ಆ 12,980ರ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ವಿಮಾ ಕಂಪನಿಗೆಂದು ಒಂದು ಪ್ರತಿ ತುಂಬಿಸಿಕೊಂಡ ನನಗೆ, ನಾನು ಸಹಿ ಹಾಕಿ ಕೊಟ್ಟ ಮೂಲ ಪ್ರತಿಗಳು ಇನ್ನೂ ಖಾಲಿಯೇ ಇವೆ ಎಂಬುದು ಹೊಳೆಯಲೇ ಇಲ್ಲ.

ಮೊದಲ ಸೂಚನೆ ಫಾಸ್ಟ್ಯಾಗ್‌ನಿಂದ ಬಂತು. ನಾನು ಮನೆಯಲ್ಲೇ ಕೂತಿದ್ದೇನೆ, ನನ್ನ ಖಾತೆಯಿಂದ ಟೋಲ್ ಕಟ್ಟಾಗುತ್ತಿದೆ. ಹಳೆ ಕಾರಿನ ಗಾಜಿನಿಂದ ಸ್ಟಿಕರ್ ಕೀಳಲು ಮರೆತಿದ್ದೆ. ಬ್ಯಾಂಕಿಗೆ ಹೇಳಿ ಮುಚ್ಚಿಸಿದೆ. ಆಗಲಾದರೂ ಎಚ್ಚರವಾಗಬೇಕಿತ್ತು. ಮೂರನೇ ತಿಂಗಳು ಮೊಬೈಲಿಗೆ ದಂಡದ ಮೆಸೇಜು ಬಂತು. ಸಿಗ್ನಲ್ ಜಂಪ್, ಫೋಟೋ ಸಮೇತ. ನನ್ನ ಹಳೆ ಕಾರೇ. ಹಿಂದಿನ ಗಾಜಿನ ಮೇಲೆ ನಮ್ಮ ಮೊಮ್ಮಗ ಅಂಟಿಸಿದ್ದ ಆನೆಮರಿ ಕೂಡ ಹಾಗೇ ಇದೆ.

ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದೆ. ಆರ್‌ಸಿ ನನ್ನ ಹೆಸರಲ್ಲೇ ಇದೆ. ಅದರ ಕೆಳಗಿನ ಸಾಲು ನೋಡಿದಾಗ ಕೈ ನಡುಗಿತು. ನಾನು ಕಾರು ಕೊಟ್ಟ ಎರಡು ತಿಂಗಳಿಗೆ ಹಳೆ ಪಾಲಿಸಿ ಮುಗಿದಿತ್ತು. ಯಾರೂ ರಿನ್ಯೂ ಮಾಡಿಸಿಲ್ಲ. ಅಂದರೆ ನನ್ನ ಹೆಸರಿನ ಒಂದು ಕಾರು, ಇನ್ಶೂರೆನ್ಸ್ ಇಲ್ಲದೆ, ಎಲ್ಲೋ ಯಾರದೋ ಕೈಯಲ್ಲಿ ಸಿಗ್ನಲ್ ಹಾರುತ್ತಾ ಓಡಾಡುತ್ತಿದೆ.

ಪರಿಚಯದ ವಕೀಲರ ಹತ್ತಿರ ಓಡಿದೆ. ಇಂಥದ್ದೇ ಒಂದು ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಅವರು ಹೇಳಿದರು. ಕಾರು ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲನೆಯವನ ಹೆಸರಲ್ಲೇ ಉಳಿದಿತ್ತು, ಇನ್ಶೂರೆನ್ಸ್ ಇರಲಿಲ್ಲ, ಅಪಘಾತವಾಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರ ಅವನೇ ಕೊಡಬೇಕು ಎಂದಿತು ಕೋರ್ಟು. ಮಾರಿ ಎಷ್ಟೋ ಕಾಲ ಆಗಿದೆ ಎಂಬ ಮಾತು ನಿಲ್ಲಲಿಲ್ಲ. ಆ ರಾತ್ರಿ ನಾನು ಮಲಗಲಿಲ್ಲ. ಪೆನ್ಷನ್ ಮೇಲೆ ಬದುಕುವವನು ಯಾರದೋ ಸಾವಿನ ಪರಿಹಾರ ಎಲ್ಲಿಂದ ತರಲಿ?

ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ. ಇನ್ಶೂರೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನಿಗೆ 14 ದಿನ. ಆದರೆ ಯಾರ ಹೆಸರು ಬರೆದು ತಿಳಿಸಲಿ? ಶೋರೂಂನವರು ಒಬ್ಬ ಬ್ರೋಕರಿಗೆ ಕೊಟ್ಟಿದ್ದರು. ಬ್ರೋಕರು ಇನ್ನೊಬ್ಬನಿಗೆ. ನಡುವೆ ಯಾರ ಹೆಸರಿಗೂ ಮಾಡಿಸುವುದಿಲ್ಲ, ಕೊನೆಗೆ ಸಿಕ್ಕ ಗಿರಾಕಿಯ ಹೆಸರನ್ನು ಆ ಖಾಲಿ ಜಾಗದಲ್ಲಿ ಬರೆಯುತ್ತಾರೆ. ಅದಕ್ಕೇ ಫಾರಂ ಖಾಲಿ ಬೇಕಾಗಿರುವುದು.

ಈ ಕಷ್ಟಕ್ಕೆಂದೇ ಕೇಂದ್ರ ಸರ್ಕಾರ ಒಂದು ಒಳ್ಳೆ ನಿಯಮ ಮಾಡಿದೆ. ಸಂಪಾದಕರೇ, ನನ್ನ ದುಃಖ ಇರುವುದು ಇಲ್ಲಿಯೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆ ವಾಹನ ಕೊಂಡು ಮಾರುವ ಡೀಲರು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆದಿರಬೇಕು. ನಾವು ಅಂಥವರಿಗೆ ಕಾರು ಕೊಟ್ಟಾಗ ಫಾರಂ 29ಸಿ ಎಂಬುದನ್ನು ಸರ್ಕಾರದ ಪೋರ್ಟಲ್‌ನಲ್ಲಿ ಹಾಕಬೇಕು, ಅದಕ್ಕೆ ಸ್ವೀಕೃತಿ ಬರುತ್ತದೆ. ಅಲ್ಲಿಂದ ಮುಂದೆ ಆ ಗಾಡಿಗೆ ಡೀಲರೇ ಮಾಲೀಕನೆಂದು ಲೆಕ್ಕ. ಏನೇ ಆದರೂ ಹೊಣೆ ಅವನದು. ಎಷ್ಟು ಚೆನ್ನಾಗಿದೆ ನೋಡಿ! ಇಂಥದ್ದೊಂದು ಇದೆ ಎಂದು ಶೋರೂಂ ಮ್ಯಾನೇಜರಿಗೆ ನಾನೇ ಹೇಳಬೇಕಾಯಿತು. ಅವರು "ಅದೆಲ್ಲ ನಮ್ಮಲ್ಲಿ ಮಾಡಲ್ಲ ಸಾರ್, ಫಾರಂ 29, 30 ಸಾಕು" ಅಂದರು.

ಸಾರಿಗೆ ಇಲಾಖೆಯವರು ನಿಮ್ಮ ಪತ್ರಿಕೆ ಓದುತ್ತಾರೆಂದು ನಂಬಿ ಕೇಳುತ್ತಿದ್ದೇನೆ. ಎಕ್ಸ್‌ಚೇಂಜ್ ಮಾಡುವ ಪ್ರತಿ ಶೋರೂಂನಲ್ಲೂ ಆ ಅಧಿಕೃತ ಪತ್ರವನ್ನು ಗೋಡೆಗೆ ತೂಗುಹಾಕಿಸಿ. 29ಸಿ ಸ್ವೀಕೃತಿ ಕೊಡದೆ ಹಳೆ ಕಾರಿನ ಕೀಲಿ ಕೇಳಬಾರದು ಎಂದು ಪಕ್ಕದಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ. ವಿಮಾ ನಿಯಂತ್ರಕರಿಗೆ ಕೇಳುವುದು ಇನ್ನೂ ಸಣ್ಣದು. ಹೊಸ ಕಾರಿನ ಇನ್ಶೂರೆನ್ಸ್ ಚೀಟಿಯಲ್ಲಿ "ಹಳೆ ಕಾರಿನ ನೋ ಕ್ಲೇಮ್ ಬೋನಸ್ ಇದೆಯೇ?" ಎಂದು ಒಂದು ಸಾಲು ಕಡ್ಡಾಯ ಮಾಡಲಿ. ಗ್ರಾಹಕ ಕೇಳಲಿಲ್ಲ ಅನ್ನುವ ನೆಪ ಅಲ್ಲಿಗೆ ಮುಗಿಯುತ್ತದೆ. ಮನಿಯಾರ್ಡರ್ ಫಾರಂನಲ್ಲಿ ಕೂಡ ಕಳಿಸುವವರ ಹೆಸರಿಗೆ ಜಾಗ ಬಿಟ್ಟಿದ್ದೆವಪ್ಪ ನಾವು.

ಅಂತೂ ವಕೀಲರ ನೋಟಿಸ್ ಹೋದಮೇಲೆ ಐದನೇ ತಿಂಗಳಿಗೆ ಆರ್‌ಸಿ ವರ್ಗಾವಣೆ ಆಯಿತು. ಆ ದಂಡವನ್ನು ನಾನೇ ಕಟ್ಟಿದೆ. ಯಾವ ಅನಾಹುತವೂ ಆಗಿರಲಿಲ್ಲ, ದೇವರು ದೊಡ್ಡವನು.

ಮೊನ್ನೆ ಒಂದು ಫೋನ್ ಬಂತು. ಕಾರು ಕೊಂಡ ಹುಡುಗ. ಹಳೆ ಕಾಗದದಲ್ಲಿ ನನ್ನ ನಂಬರ್ ನೋಡಿದನಂತೆ. ಒಳ್ಳೆಯವನು, ಬ್ರೋಕರು ಅವನನ್ನೂ ಆಟ ಆಡಿಸಿದ್ದಾನೆ. "ಅಂಕಲ್, ಈ ಗಾಡಿಗೆ 50% ಬೋನಸ್ ಇತ್ತಲ್ಲ, ಇನ್ಶೂರೆನ್ಸ್‌ನವರು ನನಗೆ ಕೊಡಲ್ಲ ಅಂತಾರೆ, ಯಾಕೆ?" ಎಂದು ಕೇಳಿದ.

"ಅದು ನನ್ನ ಜೊತೆ ಬಂದುಬಿಡ್ತು ಮಗಾ" ಎಂದೆ. "ಆರು ವರ್ಷದ ಟ್ಯಾಕ್ಸು ನಿನ್ನ ಜೊತೆ ಬಂದಿದೆ, ನೋಡ್ಕೋ."

ಇಂತಿ,
ನಿವೃತ್ತ ಅಂಚೆ ನೌಕರ