ಮಗಳಿಗೊಂದು ಪತ್ರ: ನೋವು ಸೊಂಟಕ್ಕೆ ಬಂತೆಂದು ಹೆದರಬೇಡ

ಪ್ರೀತಿಯ ಪುಟ್ಟಿ,

'ಅಮ್ಮಾ, ಕಾಲು ನೋವು ಇಳಿದಿದೆ, ಆದರೆ ಸೊಂಟದಲ್ಲಿ ಜಾಸ್ತಿಯಾಗಿದೆ. ಫಿಸಿಯೋಥೆರಪಿ ಬಿಟ್ಟುಬಿಡ್ತೀನಿ' ಅಂದೆಯಲ್ಲ, ಆಗಿನಿಂದ ನನಗೆ ಅದೇ ಯೋಚನೆ. ಬಿಡಬೇಡ ಕಣೇ. ನನಗೂ ಸಯಾಟಿಕಾ ಬಂದಾಗ ಹೀಗೇ ಆಗಿತ್ತು.

ಸಯಾಟಿಕಾ ಅಂದರೆ ಸಯಾಟಿಕ್ ನರದ ಹಾದಿಯಲ್ಲಿ ಬರುವ ನೋವು. ನಮ್ಮ ಮೈಯಲ್ಲೇ ಅತಿ ದಪ್ಪ ನರ ಅದು. ಸೊಂಟದ ಹತ್ತಿರ ಹುಟ್ಟಿ ತೊಡೆಯ ಹಿಂದಿನಿಂದ ಇಳಿಯುತ್ತದೆ. ಅದರ ಕವಲುಗಳು ಪಾದದವರೆಗೂ ಹೋಗುತ್ತವೆ. ನಿನ್ನ ಎಂಆರ್‌ಐನಲ್ಲಿ ಎಲ್5-ಎಸ್1 ಅಂತ ಬರೆದಿದೆಯಲ್ಲ, ಅದು ಬೆನ್ನುಮೂಳೆಯ ಕೆಳಭಾಗದ ಜಾಗ. ಅಲ್ಲಿ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರದ ಬೇರನ್ನು ಒತ್ತುತ್ತಿದೆ. ಒತ್ತಡ ಸೊಂಟದಲ್ಲಿ, ಚಳಕು ಹಿಮ್ಮಡಿಯಲ್ಲಿ. ಅಜ್ಜಿ ಹೇಳಿದರು ಅಂತ ಮೀನಖಂಡಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ಆ ಒತ್ತಡ ಹೋಗುವುದಿಲ್ಲ.

ನೋವು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅಂತ ನೋಡು. ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಆಮೇಲೆ ಸೊಂಟಕ್ಕೆ ಹಿಂದೆ ಸರಿಯುತ್ತಾ ಬಂದರೆ ಅದು ಒಳ್ಳೆಯ ಲಕ್ಷಣ. ಸೊಂಟದಲ್ಲಿ ಸ್ವಲ್ಪ ದಿನ ಜಾಸ್ತಿ ಅನ್ನಿಸಿದರೂ ಸರಿಯೇ. ಇದನ್ನು ಮೊದಲು ಗುರುತಿಸಿದವರಲ್ಲಿ ನ್ಯೂಜಿಲೆಂಡಿನ ಫಿಸಿಯೋ ರಾಬಿನ್ ಮೆಕೆಂಜಿ ಒಬ್ಬರು. 1956ರಲ್ಲಿ ಅವರ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟನಂತೆ. ಎದ್ದಾಗ ಕಾಲಿನ ನೋವೇ ಇರಲಿಲ್ಲ! ನೀನು ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಬಂದದ್ದು ಅಲ್ಲಿಂದ. ಎಲ್ಲರಿಗೂ ಅದು ಆಗಿಬರುವುದಿಲ್ಲ. ವಯಸ್ಸಾಗಿ ನರದ ದಾರಿ ಕಿರಿದಾದವರಿಗೆ ಮುಂದೆ ಬಾಗಿದರೇ ಆರಾಮ. ಅದಕ್ಕೇ ಸುಮ್ನೆ ಯೂಟ್ಯೂಬ್ ನೋಡಿ ಹೊಸದನ್ನು ಸೇರಿಸಬೇಡ.

ನರ ಸಡಿಲಿಸುವ ವ್ಯಾಯಾಮದಲ್ಲಿ ಆತುರ ಬೇಡ. ಕುರ್ಚಿಯಲ್ಲಿ ಕೂತು ಮಂಡಿ ಚಾಚುವಾಗ ತಲೆ ಮೇಲೆತ್ತು, ಮಡಚುವಾಗ ತಗ್ಗಿಸು. ಹಾಗೆ ಮಾಡಿದರೆ ನರ ಬಿಗಿಯಾಗದೆ ಹಿಂದೆ ಮುಂದೆ ಸರಿದಾಡುತ್ತದೆ. ಸ್ನಾಯುವನ್ನು ಎಳೆದ ಹಾಗೆ ಹಲ್ಲು ಕಚ್ಚಿ ಎಳೆದರೆ ನರ ಇನ್ನಷ್ಟು ಕೆರಳುತ್ತದೆ. ದಿನವಿಡೀ ಮಲಗಬೇಡ, ಗಂಟೆಗಟ್ಟಲೆ ಕೂರಲೂ ಬೇಡ. ಲ್ಯಾಪ್‌ಟಾಪ್ ಬಿಟ್ಟು ಆಗಾಗ ಎದ್ದು ಓಡಾಡು.

ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ. ಉಬ್ಬಿದ ಡಿಸ್ಕ್ ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ. ಜೋಮು ಮಾತ್ರ ನಿಧಾನ, ನೋವು ಹೋದ ಮೇಲೂ ಸ್ವಲ್ಪ ಕಾಲ ಇರಬಹುದು.

ಒಂದು ಮಾತು ಮಾತ್ರ ಮರೆಯಬೇಡ ಪುಟ್ಟಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಇಲ್ಲವೇ ಪಾದ ಎತ್ತಲು ಆಗದಿದ್ದರೆ ಫಿಸಿಯೋಗೆ ಕಾಯಬೇಡ. ರಾತ್ರಿಯಾದರೂ ಸರಿ, ನೇರ ಎಮರ್ಜೆನ್ಸಿಗೆ ಹೋಗು. ನನಗೆ ಆಮೇಲೆ ಫೋನ್ ಮಾಡಿದರೆ ಸಾಕು.

ನಾಳೆ ನಿನ್ನ ಫಿಸಿಯೋ ಮೇಡಂಗೆ ನೋವು ಎಲ್ಲಿಂದ ಎಲ್ಲಿಗೆ ಬಂದಿದೆ ಅಂತ ಬೆರಳಿಟ್ಟು ತೋರಿಸು. ಶನಿವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ನೀರಿನ ಕ್ಯಾನ್ ಎತ್ತಬೇಡ, ಪಕ್ಕದ ಮನೆ ಹುಡುಗನಿಗೆ ಹೇಳು.

ನಿನ್ನ ಅಮ್ಮ