ನನ್ನ ಅಪ್ಪನ ಕಾಗದ ಕೊಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಕೊಪ್ಪಳ ಜಿಲ್ಲೆಯ ನಿಮ್ಮದೇ ಕ್ಷೇತ್ರದ ಮತದಾರನ ನಮಸ್ಕಾರಗಳು.

ಜಮೀನು ಕೇಳಲು ನಾನು ಬರೆಯುತ್ತಿಲ್ಲ. ಅದರ ಆಸೆ ಬಿಟ್ಟು ವರ್ಷಗಳಾದವು. 2016ರಲ್ಲಿ ಕಚೇರಿಯೊಂದು ನಮ್ಮಿಂದ ತೆಗೆದುಕೊಂಡ ಅಪ್ಪನ ಕಾಗದವನ್ನು ವಾಪಸು ಕೊಡಿಸಿ, ಅಷ್ಟೇ.

1971ರ ಯುದ್ಧದಲ್ಲಿ ಅಪ್ಪ ಪಾಕಿಸ್ತಾನದ ಗಡಿಯ ಶಕರ್‌ಗಢ ವಲಯದಲ್ಲಿದ್ದರು. ಡಿಸೆಂಬರ್ 17ಕ್ಕೆ ಕದನವಿರಾಮವಾಯಿತು. ಅದಾದ ಎರಡು ದಿನಕ್ಕೆ ಅವ್ವನಿಗೆ ಬರೆದ ಇನ್‌ಲ್ಯಾಂಡ್ ಪತ್ರ ಅದು. ಕಳಿಸಿದವರ ವಿಳಾಸದಲ್ಲಿ 56 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ಹೆಸರಷ್ಟೇ ಇತ್ತು. ಒಳಗೆ ಬರೆದಿದ್ದ ಊರಿನ ಹೆಸರಿನ ಮೇಲೆ ಸೆನ್ಸಾರಿನವರು ಮಸಿ ಬಳಿದಿದ್ದರು. "ನಮ್ಮ ಸೆಕ್ಷನ್ನಿನ ಹತ್ತು ಮಂದಿಯಲ್ಲಿ ಆರು ಮಂದಿ ಉಳಿದಿದ್ದೇವೆ. ಗುಂಡಿನ ಸದ್ದು ನಿಂತಿದೆ, ಆದರೆ ಹೊಲದ ತುಂಬ ನೆಲಬಾಂಬು ಹುಗಿದಿದ್ದಾರೆ. ಬಯಲಿಗೆ ಹೋಗುವಾಗಲೂ ಮುಂದಿನವನ ಹೆಜ್ಜೆಯಲ್ಲೇ ಹೆಜ್ಜೆ ಇಡಬೇಕು. ರಾತ್ರಿಯ ಚಳಿಗೆ ಕಂಬಳಿ ಸಾಲದು. ಎರಡು ಹೊತ್ತೂ ಗೋಧಿ ರೊಟ್ಟಿ, ಬೇಳೆ. ನಿನ್ನ ಜೋಳದ ರೊಟ್ಟಿ, ಗುರೆಳ್ಳು ಪುಡಿ ನೆನಪಾಗುತ್ತವೆ" ಎಂದು ಬರೆದಿದ್ದರು. ತೀರಿಕೊಂಡ ನಾಲ್ವರ ಹೆಸರು ಬರೆದು, ಅವರಿಗೊಂದು ದೀಪ ಹಚ್ಚು ಎಂದಿದ್ದರು. ಕಾಗದ ಕೈಸೇರಿದ ಎಂಟನೆಯ ದಿನಕ್ಕೆ ತಂತಿ ಬಂತು. ಅವ್ವ ಇಂದಿಗೂ ಐದು ಹೆಸರು ಹೇಳಿಯೇ ದೀಪ ಹಚ್ಚುತ್ತಾಳೆ.

ಅವಳಿಗೆ ಓದಲು ಬರುವುದಿಲ್ಲ. ಮಡಿಕೆ ಹರಿದಲ್ಲಿ ಗಂಜಿ ಹಚ್ಚಿ ಅಂಟಿಸಿ, ಆ ಕಾಗದವನ್ನು ನಲವತ್ತೈದು ವರ್ಷ ಕಾಪಾಡಿದ್ದಳು.

1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ ಜಮೀನು ಮೀಸಲಿರುವುದು ನಿಮಗೆ ಗೊತ್ತೇ ಇದೆ. 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾದ ಮೇಲೆ ಜಮೀನಿಗಾಗಿ ನಾವು ಹಾಕಿದ್ದ ಅರ್ಜಿಯ ಹಳೆಯ ಕಡತ ಸಿಗಲೇ ಇಲ್ಲ. ಅಪ್ಪ ಯುದ್ಧದಲ್ಲಿದ್ದುದಕ್ಕೆ ಪುರಾವೆ ತನ್ನಿ ಎಂದರು ಕಚೇರಿಯವರು. ಜೆರಾಕ್ಸ್ ಕೊಟ್ಟರೆ ಮೂಲವೇ ಬೇಕೆಂದರು. ಮೂಲವನ್ನು ತಾಳೆ ನೋಡಿ ಮರಳಿಸಬೇಕೆಂದು ನಿಮಗೆ ನಾನು ಹೇಳಬೇಕೇ?

ಕಳೆದ ತಿಂಗಳು ಅವ್ವನನ್ನೇ ಕರೆದೊಯ್ದೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ವರಾಂಡದ ನೆಲದ ಮೇಲೆ ಕುಳಿತಿದ್ದಳು. ಕೊನೆಗೆ ಗುಮಾಸ್ತರೊಬ್ಬರು ತಲೆಯನ್ನೂ ಎತ್ತದೆ, "ಜೆರಾಕ್ಸ್ ಇದೆಯಲ್ಲಮ್ಮ, ಹಳೆಯ ಕಾಗದ ಕಟ್ಟಿಕೊಂಡು ಏನು ಮಾಡುತ್ತೀಯ?" ಎಂದರು. "ಅದರ ಮೇಲೆ ಅವರ ಕೈ ಆಡಿದೆಯಪ್ಪಾ" ಎಂದಳು ಅವ್ವ. ಅವರು ಮುಂದಿನವರನ್ನು ಕರೆದರು.

ಆಗಸ್ಟ್ 15ಕ್ಕೆ ನೀವು ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೀರಿ. ಪೆಟ್ಟಿಗೆಯಲ್ಲಿ ಅಂಥ ಏಳು ಶಾಲುಗಳಿವೆ. ಎಂಟನೆಯದು ಬೇಡ. ಕಾಗದ ಕೊಡಿಸಿ.

ಕಡತ ಹುಡುಕಿಸಿ, ಕಾಗದ ಕೊಡಿಸಿ. ಕಳೆದುಹೋಗಿದ್ದರೆ ಹಾಗೆಂದು ಸಹಿ ಹಾಕಿಸಿ ಬರೆಸಿಕೊಡಿ. ಅದನ್ನು ಅವ್ವನಿಗೆ ಓದಿ ಹೇಳಲು ಮಾತ್ರ ನೀವೇ ನಮ್ಮ ಮನೆಗೆ ಬನ್ನಿ; ನನ್ನಿಂದ ಆಗುವುದಿಲ್ಲ.

ಇಂತಿ,
ಯೋಧನೊಬ್ಬನ ಮಗ